ಪಿತ್ತನಾಳದ ಕಲ್ಲು, ಮೂರನೆಯ ಬೆಳಗಿನ ಮದ್ದು

ಪಿತ್ತಕೋಶ ಕೊಯ್ದು ತೆಗೆದು ಎರಡು ವರ್ಷವಾಗಿತ್ತು. ಆದರೂ ನನ್ನ ಕಣ್ಣು ಹಳದಿಯಾಯಿತು, ಚಳಿಜ್ವರ ಬಂತು. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದರು ಅತ್ತಾವರದ ಡಾಕ್ಟರು. ಪಿತ್ತದ ಚೀಲವೇ ಇಲ್ಲದ ಮೇಲೆ ಕಲ್ಲು ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಹಿಂದಿನ ಸಲ ಹೊಲಿಗೆ ಕೀವಾಗಿ ಮೂರು ತಿಂಗಳು ಮಲಗಿದ್ದೆ. ಇನ್ನೊಮ್ಮೆ ಕೊಯ್ದರೆ ನಾನು ಏಳುವುದಿಲ್ಲವೆಂದು ಗೊತ್ತಿತ್ತು.

"ಬಾಯಿಂದ ಟ್ಯೂಬು ಇಳಿಸಿ ತೆಗೀಲಿಕ್ಕೆ ಆಗ್ತದಾ ನೋಡುವ. ಆಗದಿದ್ರೆ ಮಾತ್ರ ಆಪರೇಶನ್," ಎಂದರು ಡಾಕ್ಟರು.

ಹೊಟ್ಟೆಯ ಕಲ್ಲನ್ನು ಬಾಯಿಂದ ತೆಗೆಯುವುದು ಹೇಗೆಂದು ಮಗಳನ್ನು ಕೇಳಿದೆ.

"ನಂಗೆಂತ ಗೊತ್ತುಂಟು ಅಮ್ಮ, ನಾನು ಒಳಗೆ ಹೋಗಿ ನೋಡಿದ್ದೇನಾ?"

ಟ್ಯೂಬು ಇಳಿಸುವ ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು ಎಂದಿದ್ದರು. ಆದರೆ ಕುಲಶೇಖರದ ಪಂಡಿತರ ಕಾಮಾಲೆ ಮದ್ದು ನಡೆಯುತ್ತಿತ್ತು. ನೆಲನೆಲ್ಲಿ ಅರೆದು ಆಡಿನ ಹಾಲಿನಲ್ಲಿ ಕದಡಿ ಮೂರು ಬೆಳಿಗ್ಗೆ ಬರಿ ಹೊಟ್ಟೆಗೆ ಕುಡಿಯಬೇಕು, ನಡುವೆ ತಪ್ಪಬಾರದು. ಅಂದು ಮೂರನೆಯ ಬೆಳಿಗ್ಗೆ. ಬರಿ ಹೊಟ್ಟೆಗೆ ಕುಡಿಯುವ ಮದ್ದು ಕುಡಿದರೆ ಹೊಟ್ಟೆ ಬರಿದೇ ಅಲ್ಲವೇ ಎಂದುಕೊಂಡು, ಮಗಳಿಗೆ ಹೇಳದೆ ಕುಡಿದು ಆಸ್ಪತ್ರೆಗೆ ಹೋದೆ.

ಮೇಜಿನ ಮೇಲೆ ಮಲಗಿಸಿದ ನರ್ಸು ಕೇಳಿದಳು, "ಎಂತಾದ್ರೂ ಕುಡಿದಿದ್ದೀರಾ?"

"ಇಲ್ಲ. ಮದ್ದು ಮಾತ್ರ."

ಯಾವ ಮದ್ದೆಂದು ಹೇಳಿದೆ. ಡಾಕ್ಟರು ಕೈಗವಸು ಕಳಚಿದರು.

"ಹಾಲು ಕುಡಿದದ್ದಲ್ವಾ ಮಾರಾಯ್ರೆ! ವಾಂತಿಯಾಗಿ ಶ್ವಾಸಕ್ಕೆ ಹೋದ್ರೆ ಎಂತ ಮಾಡುದು? ಇವತ್ತು ಆಗುದಿಲ್ಲ, ನಾಳೆ. ಅಷ್ಟರೊಳಗೆ ಜ್ವರ ಏರಿದ್ರೆ ಕೊಯ್ಯುವುದೇ."

"ಪಂಡಿತರ ಹತ್ರವೇ ಕಲ್ಲು ತೆಗೆಸ್ಬೇಕಿತ್ತು ನೀನು," ಎಂದು ಮಗಳು ಚುಚ್ಚಿದಳು.

ಸಂಜೆ ಜ್ವರ ಏರಿತು. ಸೂಜಿ ಹಾಕಿದ ಮೇಲೆ ಇಳಿಯಿತು.

ಮರುದಿನ ಕತ್ತಲೆ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿದರು. ಗಂಟಲಿಗೆ ಕಹಿ ಮದ್ದು ಸಿಂಪಡಿಸಿ, ಹಲ್ಲಿನ ನಡುವೆ ಬಳೆಯಂಥದ್ದು ಇಟ್ಟು, ಕಪ್ಪು ಟ್ಯೂಬು ಇಳಿಸಿದರು. ಓಕರಿಕೆ ಬಂದದ್ದು ನೆನಪಿದೆ, ಮುಂದಿನದ್ದು ಮಂಪರು.

ಎಚ್ಚರವಾದಾಗ ಡಾಕ್ಟರು ನಗುತ್ತಿದ್ದರು. ನಾಳದ ಬಾಯಿಯನ್ನು ಒಳಗಿನಿಂದಲೇ ಚೂರು ಕೊಯ್ದು, ತಂತಿಯ ಸಣ್ಣ ಬುಟ್ಟಿಯಲ್ಲಿ ಕಲ್ಲನ್ನು ಎಳೆದರಂತೆ.

"ಕೊಯ್ಯುವುದಿಲ್ಲ ಅಂದಿದ್ರಿ."

"ಹೊರಗಿನಿಂದ ಕೊಯ್ಯಲಿಲ್ಲ ಅಮ್ಮ."

"ಕಲ್ಲು ಎಲ್ಲುಂಟು?"

"ಕರುಳಿಗೆ ಬಿಟ್ಟಿದ್ದೇನೆ. ಅದರಷ್ಟಕ್ಕೆ ಹೋಗ್ತದೆ."

ತೆಗೆದೆ ಎನ್ನುತ್ತಾರೆ, ಒಳಗೇ ಬಿಟ್ಟೆ ಎನ್ನುತ್ತಾರೆ. ಕೊಯ್ದೆ ಎನ್ನುತ್ತಾರೆ, ಕೊಯ್ಯಲಿಲ್ಲ ಎನ್ನುತ್ತಾರೆ. ಸೆರಗು ಸರಿಸಿ ಹೊಟ್ಟೆಯ ಮೇಲೆಲ್ಲ ಕೈಯಾಡಿಸಿ ನೋಡಿದೆ. ಹೊಸ ಹೊಲಿಗೆ ಎಲ್ಲೂ ಸಿಗಲಿಲ್ಲ. ಹಾಗಾದರೆ ಬದುಕಿದೆ ಎಂದು ಮಗ್ಗುಲು ತಿರುಗಿ ಮಲಗಿದೆ.