ಮೂವರ ಸರಾಸರಿ

ನಮ್ಮ ಲೆಕ್ಕದ ಮೇಷ್ಟ್ರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಸೀಮೆಸುಣ್ಣವನ್ನು ಹೆಬ್ಬೆರಳು ನಡುಬೆರಳುಗಳ ನಡುವೆ ಸಿಕ್ಕಿಸಿಕೊಂಡು ಹಲಗೆಯ ಮೇಲೆ ಕತ್ತರಿ ಗುರುತು ಎಳೆಯುತ್ತಿದ್ದರು. ಮಿಶ್ರಣದ ಲೆಕ್ಕವೆಲ್ಲ ಆ ಗುರುತಿನಲ್ಲೇ. ಮೇಲೆ ದೊಡ್ಡ ಸಂಖ್ಯೆ, ಕೆಳಗೆ ಚಿಕ್ಕದು, ನಡುವೆ ಸರಾಸರಿ. ಅಡ್ಡಡ್ಡ ಕಳೆದರೆ ಯಾವುದು ಎಷ್ಟು ಪಾಲು ಎಂದು ಗೊತ್ತಾಗುತ್ತದೆ.

ಗಂಗಾನಗರದ ಅವರ ಹೆಂಚಿನ ಮನೆಗೆ ನಾನು ಎಂಟನೇ ಕ್ಲಾಸಿನಲ್ಲಿ ಪಾಠಕ್ಕೆ ಹೋದೆ. ಅವರು ಹಾಲು ನೀರು ಬೆರೆಸುವ ಲೆಕ್ಕ ಕೊಡುತ್ತಿರಲಿಲ್ಲ, ತಮ್ಮ ಮನೆಯ ಲೆಕ್ಕವನ್ನೇ ಕೊಡುತ್ತಿದ್ದರು. ತಮಗೆ ಐವತ್ತೆಂಟು, ಹೆಂಡತಿಗೆ ಐವತ್ತು, ಮಗಳಿಗೆ ಒಂಬತ್ತು. ಮನೆಯ ಸರಾಸರಿ ಎಷ್ಟು? ನಾನು ಜಾಣೆಯಂತೆ ದೊಡ್ಡವರ ಸರಾಸರಿ ಐವತ್ನಾಲ್ಕಕ್ಕೆ ಒಂಬತ್ತು ಕೂಡಿಸಿ ಅರ್ಧ ಮಾಡಿದೆ. "ದೊಡ್ಡವರು ಇಬ್ಬರು, ಮಗು ಒಂದು. ತಲೆ ಎಣಿಸದೆ ಸರಾಸರಿ ಹಿಡೀಬಾರ್ದು ಬೇಟಿ" ಎಂದರು. ಉತ್ತರ ಮೂವತ್ತೊಂಬತ್ತು.

ಆ ಮಗಳನ್ನು ಪಾಠಕ್ಕೆ ಬರುತ್ತಿದ್ದ ನಾವು ಯಾರೂ ನೋಡಿರಲಿಲ್ಲ. ಒಳಕೋಣೆಯಿಂದ ಸ್ಲೇಟಿನ ಮೇಲೆ ಬಳಪ ಉಜ್ಜುವ ಸದ್ದು ಮಾತ್ರ ಬರುತ್ತಿತ್ತು. ನಾಚಿಕೆಯ ಹುಡುಗಿ ಇರಬೇಕು ಅಂದುಕೊಂಡೆ. ವರ್ಷ ಮುಗಿಯುವಷ್ಟರಲ್ಲಿ ಎಲ್ಲ ಬರುತ್ತದೆಂಬ ಜಂಬದಲ್ಲಿ ಪಾಠ ಬಿಟ್ಟೆ.

ಜಂಬಕ್ಕೆ ಸರಿಯಾಗಿ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ಡುಮ್ಕಿ ಹೊಡೆದೆ. ಇನ್ನೊಂದು ಸಲ ಫೇಲಾದರೆ ಓದು ಸಾಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ತಲೆ ತಗ್ಗಿಸಿಕೊಂಡು ಮತ್ತೆ ಅದೇ ಮನೆಗೆ ಹೋದೆ. ಮೇಷ್ಟ್ರು ಹಲಗೆ ಒರೆಸಿದರು. ಮೂರು ವರ್ಷ ಕಳೆಯಿತಲ್ಲ, ಈಗ ನಮ್ಮ ಮನೆಯ ಸರಾಸರಿ ಎಷ್ಟು ಎಂದರು. ಎಲ್ಲರಿಗೂ ಮೂರು ಮೂರು ಹೆಚ್ಚಿದರೆ ಸರಾಸರಿಗೂ ಮೂರೇ ಹೆಚ್ಚಬೇಕು. ನಲವತ್ತೆರಡು ಎಂದೆ.

"ನಲವತ್ತೊಂದು" ಎಂದರು.

ನನಗೆ ರೇಗಿತು. ತಪ್ಪು ಅವರದೆಂದು ಎಲ್ಲರ ಎದುರಿಗೆ ತೋರಿಸಲು ಎದ್ದುಹೋಗಿ ಕತ್ತರಿ ಎಳೆದೆ. ಮೇಲೆ ದೊಡ್ಡವರ ಐವತ್ತೇಳು, ನಡುವೆ ಅವರ ನಲವತ್ತೊಂದು, ಕೆಳಗೆ ಮಗಳ ಹನ್ನೆರಡು. ಇಪ್ಪತ್ತೊಂಬತ್ತಕ್ಕೆ ಹದಿನಾರು ಬಂತು. ಇಬ್ಬರಿಗೆ ಒಬ್ಬಳು ಎಂಬ ಪಾಲು ಕೂಡಲಿಲ್ಲ. ಹನ್ನೆರಡನ್ನು ಅಳಿಸಿ ಒಂಬತ್ತು ಬರೆದೆ. ಮೂವತ್ತೆರಡಕ್ಕೆ ಹದಿನಾರು. ಇಬ್ಬರು, ಒಬ್ಬಳು.

ಸೀಮೆಸುಣ್ಣ ಕೆಳಗಿಟ್ಟೆ. ಮೇಷ್ಟ್ರು ನನ್ನ ಪಕ್ಕದಲ್ಲಿದ್ದರು, ಅವರ ಹೆಂಡತಿ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು, ಒಳಗೆ ಬಳಪದ ಸದ್ದು ನಡೆದೇ ಇತ್ತು. ಮೂವರಲ್ಲಿ ಅವಳೊಬ್ಬಳ ವಯಸ್ಸು ಮಾತ್ರ ಹೆಚ್ಚಿರಲಿಲ್ಲ.

ಆಮೇಲೆ ಹೆಂಡತಿ, ಚಿಕ್ಕಮ್ಮ ಎನ್ನುವಂತೆ ನಾವೆಲ್ಲ ಖಾಲಾ ಎನ್ನುತ್ತಿದ್ದವರು, ನನ್ನನ್ನು ಜಗುಲಿಗೆ ಕರೆದರು. ಮಗಳು ಒಂಬತ್ತರಲ್ಲೇ ಜ್ವರ ಬಂದು ತೀರಿಕೊಂಡು ಬಹಳ ಕಾಲವಾಗಿತ್ತಂತೆ. "ಎಣಿಸೋದು ಬಿಟ್ರೆ ಹೊರಟುಬಿಡ್ತಾಳೆ ಬೇಟಿ. ಅದಕ್ಕೇ ಇವರು ದಿನಾ ಲೆಕ್ಕಕ್ಕೆ ಹಾಕ್ತಾರೆ" ಎಂದರು. ನನಗೆ ಹೆದರಿಕೆಯೂ ಆಯಿತು, ಎಲ್ಲರೆದುರು ಅವರನ್ನು ಸೋಲಿಸಲು ಹೋದೆನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಪರೀಕ್ಷೆ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಪಾಸಾದೆ. ಮುಂದೆ ನಾನೂ ಲೆಕ್ಕದ ಟೀಚರಾದದ್ದು ಅವರ ಋಣ.

ಮೇಷ್ಟ್ರು ಅರವತ್ನಾಲ್ಕಕ್ಕೆ ತೀರಿಕೊಂಡರು. ಆಗ ನಾನು ಊರಲ್ಲಿರಲಿಲ್ಲ. ಮೂರು ವರ್ಷ ಬಿಟ್ಟು ಒಂದು ಸಂಜೆ ಖಾಲಾರನ್ನು ನೋಡಲು ಹೋದೆ. ಪಾಠದ ಮನೆ ಬಿಕೋ ಅನ್ನುತ್ತಿತ್ತು, ಹಲಗೆ ಮಾತ್ರ ಒರೆಸಿ ಶುಭ್ರವಾಗಿತ್ತು. ಚಹಾ ಕೊಟ್ಟು ಎದುರಿಗೆ ಕೂತರು. ಇವರು ಹೋದಮೇಲೆ ಲೆಕ್ಕ ಹಾಕುವವರೇ ಇಲ್ಲ, ತನಗೆ ಅಕ್ಷರ ಬಾರದು ಎಂದು ಹೇಳಿಕೊಂಡರು. 

"ಈಗ ನಮ್ಮ ಮನೆ ಸರಾಸರಿ ಎಷ್ಟು ಬೇಟಿ?"

ಖಾಲಾಗೆ ಐವತ್ತೊಂಬತ್ತು. ಉಳಿದವರು ಅವರೊಬ್ಬರೇ. ಐವತ್ತೊಂಬತ್ತು ಎಂದಿದ್ದರೆ ಯಾವ ಪರೀಕ್ಷಕನಾದರೂ ಪೂರ್ತಿ ಅಂಕ ಕೊಡುತ್ತಿದ್ದ. ನಾನು ಅರವತ್ನಾಲ್ಕು, ಐವತ್ತೊಂಬತ್ತು, ಒಂಬತ್ತು ಎಂದು ಕೂಡಿಸಿ ಮೂರರಿಂದ ಭಾಗಿಸಿದೆ.

"ನಲವತ್ನಾಲ್ಕು, ಖಾಲಾ."

ಅವರು ನೆಮ್ಮದಿಯಿಂದ ತಲೆಯಾಡಿಸಿದರು. ಆಮೇಲೆ ಒಳಕೋಣೆಯ ಬಾಗಿಲ ಕಡೆ ತಿರುಗಿ, ಅಲ್ಲಿದ್ದವರಿಗೆ ಕೇಳಿಸುವಂತೆ, ಉತ್ತರವನ್ನು ಇನ್ನೊಮ್ಮೆ ಹೇಳಿದರು.