ಟವೆಲ್ ಬಿದ್ದ ಕೋರ್ಟು

ಇವತ್ತ ಮುಂಜಾನಿ ನಮ್ಮ ಗಜೇಂದ್ರಗಡದಾಗ ಬ್ಯಾಡ್ಮಿಂಟನ್ ಕೋರ್ಟಿಗೂ ಟವೆಲ್ ಬಿತ್ರಿ, ದೋಸ್ತರ. ಬಸ್ಸಿನ ಸೀಟ್ ಹಿಡಿಯಾಕ ಕಿಡಕಿಯಿಂದ ಒಗೀತೀವಲ್ಲ, ಹಂಗ.

ಅರಿವಿ ಅಂಗಡಿ ಸಾವ್ಕಾರ್ರಿಗೂ ನನಗೂ ಪಂದ್ಯ. ಸೋತವರು ಎಲ್ಲಾರಿಗೂ ಮಿರ್ಚಿ ಭಜಿ ತಿನಸಬೇಕು. ಬಯಲಾಗಿನ ಕೋರ್ಟು, ಗುಡ್ಡದ ಕಡಿಂದ ಜೋರ ಗಾಳಿ. ಸಾವ್ಕಾರ್ರು ಗಾಳಿ ಬೆನ್ನಿಗೆ ಬರೋ ಬಾಜು ಟವೆಲ್ ಹಾಸಿ ನಿಂತ್ರು. ನಾ ಎಷ್ಟ ಜೋರ ಹೊಡದ್ರೂ ಕಾಕ್ ಹೊಳ್ಳಿ ನನ್ನ ಕಾಲಾಗ ಬೀಳ್ತಿತ್ತು. ಮೊದಲ್ನೇ ಗೇಮ್ ಅವರದಾತು.

"ಸಾವ್ಕಾರ್ರ, ಗೇಮ್ ಮುಗೀತು. ಈಗ ಬಾಜು ಬದಲಿ ಮಾಡಬೇಕ್ರಿ, ರೂಲ್ಸ್ ಐತಿ," ಅಂದೆ.

"ಟವೆಲ್ ಹಾಕಿದ ಸೀಟು ಯಾರರ ಬಿಟ್ಟ ಕೊಡ್ತಾರೇನ್ರಿ ಅಕ್ಕಾರ? ರೋಣದ ಬಸ್ಸಿನ್ಯಾಗ ಕೇಳಿ ನೋಡ್ರಿ!"

ಸುತ್ತ ನಿಂತವರೆಲ್ಲಾ, "ಖರೇ ಐತಿ, ಮೊದಲ ಅವರ ಹಾಕ್ಯಾರ," ಅಂದ್ರು. ಸಾಲ್ಯಾಗ ಹುಡುಗರಿಗೆ ಇದ ಆಟದ ರೂಲ್ಸ್ ಕಲಸೋ ನಾನು ಅದ ಬಾಜು ನಿಂತು ಆಡಿದೆ.

ಎರಡ್ನೇ ಗೇಮಿನ್ಯಾಗ ನಾಕ ಪಾಯಿಂಟ್ ಆಗಿರಲಿಲ್ಲ, ಮೋಡ ಕಟ್ಟಿ ಗಾಳಿ ತಿರುಗಿಬಿಡ್ತು. ಈಗ ಕಾಕ್ ಅವರ ಕಾಲಾಗ ಬೀಳಾಕತ್ತಿತು. ಆ ಗೇಮ್ ನನ್ನದಾತು.

ಸಾವ್ಕಾರ್ರು ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ನೆಟ್ ತನಾ ಬಂದ್ರು. "ಅಕ್ಕಾರ, ಬಾಜು ಬದಲಿ ಮಾಡೋದು ರೂಲ್ಸ್ ಐತಿ ಅಂದ್ರಲ್ಲ? ರೂಲ್ಸ್ ಅಂದಮ್ಯಾಲ ಪಾಲಿಸಬೇಕ್ರಿ."

ಪಾಲಿಸಬೇಕು, ಖರೇ. ಆದ್ರ ಅಷ್ಟೊತ್ತಿಗೆ ನಾನು ನನ್ನ ಬಾಜು ಕರ್ಚೀಫ್ ಹಾಸಿ, ಗಾಳಿಗೆ ಹಾರಬಾರದಂತ ಮ್ಯಾಲ ಒಂದ ಕಲ್ಲೂ ಇಟ್ಟಿದ್ದೆ.