ಗಂಗಾಬಾಯಿಯ ಅಂಗಡಿಗೆ ಬಂದ ಗಿಟಾರು

ಕಲ್ಲಿನಾಥನ ಮನೆಯಲ್ಲಿ ಉಗುರುಬಣ್ಣದ ಬಾಟಲಿ ತಿಂಗಳಿಗೊಂದು ಖಾಲಿಯಾಗುತ್ತಿತ್ತು. ಆದರೆ ಅವನ ಹೆಂಡತಿ ಭಾಗ್ಯಾಳ ಉಗುರು ಮಾತ್ರ ಸದಾ ಬೋಳು. ಬೈಕನ್ನು ಸರ್ವಿಸಿಗೆ ಕೊಡುವ ಮೊದಲು ಬ್ಯಾಟರಿಗೊಂದು ಕೆಂಪು ಚುಕ್ಕೆ, ಟೈರಿಗೊಂದು ಚುಕ್ಕೆ. ಮಿಕ್ಸರು ರಿಪೇರಿಗೆ ಹೋಗುವುದಿದ್ದರೆ ತಳದ ಸ್ಕ್ರೂಗಳಿಗೆಲ್ಲ ಒಂದೊಂದು. ಗ್ಯಾಸಿನ ಖಾಲಿ ಸಿಲಿಂಡರನ್ನೂ ಬಿಡುತ್ತಿರಲಿಲ್ಲ. ಅದನ್ನೇ ತಿರುಗಿ ತಂದು ತುಂಬಿದ್ದೆಂದು ಕೊಟ್ಟರೆ?

"ಈ ಬಣ್ಣ ನನ್ನ ಉಗುರಿಗಿಂತ ನಿಮ್ಮ ಸಾಮಾನಿಗೇ ಜಾಸ್ತಿ ಹತ್ತೇದ ನೋಡ್ರಿ," ಎಂದು ಭಾಗ್ಯಾ ಆಡಿಕೊಳ್ಳುತ್ತಿದ್ದಳು. ಅವನು ನಗುತ್ತಿರಲಿಲ್ಲ. ನಗಿಸಿ ಮಾತು ಮರೆಸುವವರ ಮೇಲೂ ಅವನಿಗೆ ಅನುಮಾನವೇ.

ಹುಟ್ಟುತ್ತಲೇ ಅವನೇನು ಹೀಗಿರಲಿಲ್ಲ. ರೈತರ ಮಾಲು ಮಾರಿಸಿಕೊಡುವ ಆಳಂದದ ಒಂದು ಅಡತಿ ಅಂಗಡಿಯಲ್ಲಿ ತೊಗರಿ ತೂಗುವ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಚೀಲದ ಬಾಯಲ್ಲಿ ಚೊಕ್ಕ ಕಾಳು, ತಳದಲ್ಲಿ ಮಣ್ಣಿನ ಹೆಂಟೆ. ಮೇಲೆ ಗರಿಗರಿ ಒಣಗಿದ್ದು, ನಡುವೆ ನೀರು ಚಿಮುಕಿಸಿದ್ದು. ಮೊಳಕೈತನಕ ಕೈ ಇಳಿಸದೆ ಯಾವ ಚೀಲವನ್ನೂ ನಂಬಬಾರದೆಂದು ಅಲ್ಲಿ ಕಲಿತ. ಕಲಿತದ್ದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಬಿಟ್ಟು ಮನೆಗೂ ಹೊತ್ತು ತಂದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗಾಯಿತು. ಹಾಲು ಹಾಕುವವನಿಂದ ಹಿಡಿದು ಒಡಹುಟ್ಟಿದ ತಮ್ಮನ ತನಕ ಒಬ್ಬೊಬ್ಬರೇ ದೂರವಾದರು.

ಊರಲ್ಲಿ ಅವನು ನಂಬಿಕೊಂಡಿದ್ದ ಒಂದೇ ಜೀವವೆಂದರೆ ಗಂಗಾಬಾಯಿ. ಹೊಲದ ಪಂಪಿನ ಮೋಟಾರು ಸುಟ್ಟರೆ ಸುತ್ತಲಿನ ರೈತರು ಅದನ್ನು ಹೊತ್ತು ತರುತ್ತಿದ್ದದ್ದು ಇವಳ ರಿವೈಂಡಿಂಗ್ ಅಂಗಡಿಗೆ. ಗಂಡ ಕಲ್ಯಾಣಪ್ಪ ಊರೂರು ತಿರುಗಿ ಬೋರ್‌ವೆಲ್ಲಿನಿಂದ ಪಂಪು ಎತ್ತುವ ಕೆಲಸ ನೋಡಿದರೆ, ತಂತಿ ಸುತ್ತುವುದೆಲ್ಲ ಇವಳ ಕೈಯದೇ. ಈ ಕಸುಬಿಗೆ ಒಂದು ಕೆಟ್ಟ ಹೆಸರುಂಟು. ಮೋಟಾರಿನಿಂದ ತೆಗೆದ ಹಳೆಯ ತಾಮ್ರವನ್ನು ಅಂಗಡಿಯವರು ನುಂಗುತ್ತಾರೆಂದು ಎಲ್ಲರ ಗುಮಾನಿ. ಗಂಗಾಬಾಯಿ ಮಾತ್ರ ಸುಟ್ಟ ತಂತಿಯನ್ನು ಒಂದೆಳೆ ಬಿಡದೆ ಗಂಟು ಕಟ್ಟಿ, ಮೋಟಾರಿನ ಜೊತೆಗೇ ಇಟ್ಟು ಕೊಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಆ ಗಂಟನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಅವಳ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಾಗ ಕಲ್ಲಿನಾಥನ ಕೈ ಜೇಬಿನ ಮೇಲೆ ಇರುತ್ತಿರಲಿಲ್ಲ. ಅಷ್ಟು ಸಮಾಧಾನ ಅವನಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಈಗ ಹೋಗಲಿದ್ದದ್ದು ಅದೇ.

ಇಂಥ ಮನುಷ್ಯನಿಗೆ ಗಿಟಾರಿನ ಹುಚ್ಚು. ಸೊಲ್ಲಾಪುರದಲ್ಲಿ ಕೊಂಡ ಹಳೆಯ ಎಲೆಕ್ಟ್ರಿಕ್ ಗಿಟಾರು ಅದು. ಮದುವೆಯ ಸೀಜನ್ನಿನಲ್ಲಿ ಕಲ್ಯಾಣಕುಮಾರನ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಕರೆಂಟು ಮಾಡಿ ಕಳಿಸುವ ತುಂಡಿಗೆ ಪಿಕಪ್ ಎನ್ನುತ್ತಾರೆ. ಅವನ ಗಿಟಾರಿನ ಎರಡೂ ಪಿಕಪ್ಪು ಸತ್ತು ಸುಣ್ಣವಾಗಿದ್ದವು. ಜೇವರ್ಗಿಯ ಒಂದು ಮದುವೆಯಲ್ಲಿ ಗಿಟಾರು ಎಷ್ಟು ಗುಂಯ್‌ಗುಟ್ಟಿತೆಂದರೆ, ಹಾಡುತ್ತಿದ್ದ ಶಾಹೀನ ಪಲ್ಲವಿ ನಿಲ್ಲಿಸಿ ತಿರುಗಿ ನೋಡಿದಳು. "ಬರೋ ಐತವಾರ ಅಂದೋಲಾದಾಗ ಪ್ರೋಗ್ರಾಮ್ ಅದ," ಎಂದ ಕಲ್ಯಾಣಕುಮಾರ. "ಅಲ್ಲೂ ಹಿಂಗ ಆದ್ರ ಗಿಟಾರ್ ಬ್ಯಾಡ. ಕೀಬೋರ್ಡ್‌ನ್ಯಾಗ ಆ ಸೌಂಡೂ ಬರ್ತದ."

ಕಲ್ಲಿನಾಥ ಪುಣೆಯಿಂದ ಹಂಬಕರ್ ಎಂಬ ಜಾತಿಯ ಹೊಸ ಪಿಕಪ್ಪಿನ ಜೋಡಿ ತರಿಸಿದ. ಪಾರ್ಸಲ್ಲನ್ನು ವಿಡಿಯೋ ಮಾಡುತ್ತಲೇ ಬಿಚ್ಚಿದ, ಎರಡರ ಬೆನ್ನಿಗೂ ಕೆಂಪು ಚುಕ್ಕೆ ಇಟ್ಟ. ಡಬ್ಬಿಯಲ್ಲಿ ಮಡಿಚಿದ ಒಂದು ಕಾಗದವೂ ಇತ್ತು. ಅದರ ಮೇಲೆ ಕಂಪನಿಯ ಹೆಸರು, ನಂಬರು, ಬಣ್ಣಬಣ್ಣದ ವೈರುಗಳ ಚಿತ್ರ. ಇದು ಭಾರಿ ಮಾಲೆಂದು ರಿಪೇರಿ ಮಾಡುವವರಿಗೆ ತಿಳಿಸುವುದು ಯಾವ ಜಾಣತನ ಎಂದುಕೊಂಡು ಆ ಕಾಗದವನ್ನು ಭಾಗ್ಯಾಳ ಸೀರೆಗಳ ಕೆಳಗೆ ತುರುಕಿದ. ಗಂಗಾಬಾಯಿಯ ಮೇಲೆ ಅನುಮಾನವಿತ್ತೆಂದಲ್ಲ. ಆದರೆ ಹದಿನೆಂಟು ವರ್ಷದ ಚಾಳಿ, ಕೈ ತಾನಾಗಿಯೇ ಆ ಕೆಲಸ ಮಾಡಿತು.

ಶುಕ್ರವಾರ ಬೆಳಿಗ್ಗೆ ಗಿಟಾರು ಗಂಗಾಬಾಯಿಯ ಮೇಜಿನ ಮೇಲೆ ಮಲಗಿತು. ಕಲ್ಲಿನಾಥ ಎದುರಿಗೇ ಸ್ಟೂಲು ಎಳೆದುಕೊಂಡು ಕೂತ. ಅವಳು ಹೊಸ ಪಿಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎರಡು ಕಾಯಿಲ್ ಅದಾವಲ್ಲೋ ಇದರಾಗ!"

"ಹೌದಕ್ಕಾ. ಒಂದರ ಗುಂಯ್ ಇನ್ನೊಂದು ನುಂಗ್ತದಂತ. ಅದಕ್ಕ ಸೌಂಡ್ ಚೊಕ್ಕ ಬರ್ತದ."

"ಹಂಗಾದ್ರ ಒಂದು ಸುಲ್ಟಾ, ಒಂದು ಉಲ್ಟಾ ಕೂಡಬೇಕು. ತಪ್ಪಿದ್ರ ಹಾಡು ಸಾಯ್ತದ, ಗುಂಯ್ ಉಳೀತದ." ತಂತಿಯ ಜೊತೆ ಬಾಳಿದ ಹೆಂಗಸಿಗೆ ಅರ್ಥವಾಗಲು ಅರೆಕ್ಷಣ ಸಾಕಾಯಿತು. "ಇದರ ಸಂಗಟ ಕಾಗದ ಬಂದಿಲ್ಲೇನು? ಯಾವ ಬಣ್ಣ ಎಲ್ಲಿಗಿ ಅಂತ ಬರದಿರ್ತಾರ."

"ಇಲ್ಲ ಬೇ ಅಕ್ಕಾ. ಬರೇ ಇಷ್ಟ ಬಂದದ."

ಅವಳು ನಂಬಿದಳು. ಮೀಟರು ಹಿಡಿದು ನಾಲ್ಕು ಬಣ್ಣದ ವೈರುಗಳಲ್ಲಿ ಯಾವುದಕ್ಕೆ ಯಾವುದು ಜೋಡಿ ಎಂದು ಹುಡುಕಿದಳು. ಹಸಿರು ಮತ್ತು ಕೆಂಪು ಒಂದು ಕಾಯಿಲ್ಲಿನವು, ಕರಿಯದು ಮತ್ತು ಬಿಳಿಯದು ಇನ್ನೊಂದರವು. ಹಸಿರು ನೆಲಕ್ಕೆ ಕೂಡುವ ಅರ್ತ್ ವೈರು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಇನ್ನು ಸೌಂಡು ಹೊರಗೆ ಒಯ್ಯುವ ವೈರು ಕರಿಯದೋ ಬಿಳಿಯದೋ? ಕರೆಂಟಿನ ಕೆಲಸ ಮಾಡುವವರಿಗೆ ಕರಿ ವೈರೆಂದರೆ ನ್ಯೂಟ್ರಲ್. ಅದನ್ನು ಕರೆಂಟು ತರುವ ಫೇಸಿಗೆ ಕೊಟ್ಟವನ ಕೈ ಮುರಿಯಬೇಕೆಂದು ಕಲ್ಯಾಣಪ್ಪ ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದ. ಇಪ್ಪತ್ತು ವರ್ಷದಲ್ಲಿ ಅವಳ ಕೈ ಒಮ್ಮೆಯೂ ಆ ತಪ್ಪು ಮಾಡಿರಲಿಲ್ಲ. ಈಗಲೂ ಮಾಡಲೊಲ್ಲದು. ಕರಿಯದನ್ನು ಕೆಂಪಿಗೆ ಕೂಡಿಸಿದಳು, ಬಿಳಿಯದನ್ನು ಹೊರದಾರಿಗೆ ಇಟ್ಟಳು.

ಬೆಸುಗೆ ಹಾಕುವುದು ಇನ್ನೂ ಶುರುವಾಗಿರಲಿಲ್ಲ, ಅಷ್ಟರಲ್ಲಿ ಅಡತಿಯಿಂದ ಫೋನು ಬಂತು. ಹಿರೋಳ್ಳಿಯ ಮಾಲು ಬಂದು ನಿಂತಿದೆ, ತೂಗುವವರಿಲ್ಲ. ಕಲ್ಲಿನಾಥ ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಮಾಲಕರ ಬೈಗುಳಕ್ಕೆ ಹೆದರಿ ಹೋದ. ಒಂದೂಕಾಲು ತಾಸಿನ ನಂತರ ಏದುಸಿರು ಬಿಡುತ್ತ ಬಂದಾಗ, ಹಳೆ ಕಬ್ಬಿಣ ಕೊಳ್ಳುವ ಗುಜರಿ ಧರ್ಮರಾಜ ಅಂಗಡಿಯಿಂದ ಒಂದು ಚೀಲ ಹೊತ್ತು ಹೊರಗೆ ಬರುತ್ತಿದ್ದ. ಕಲ್ಲಿನಾಥನ ಕಣ್ಣು ಆ ಚೀಲಕ್ಕೆ ಅಂಟಿಕೊಂಡಿತು.

ಗಂಗಾಬಾಯಿ ಹಳೆಯ ಪಿಕಪ್ಪುಗಳನ್ನು ಗಂಟು ಕಟ್ಟಿ ಗಿಟಾರಿನ ಜೊತೆಗಿಟ್ಟಿದ್ದಳು. "ಮನಿಗಿ ಹೋಗಿ ಬಾರಸಿ ನೋಡು. ನನ್ನ ಹತ್ರ ಇದನ್ನ ಕೇಳೋ ಮಷೀನ್ ಇಲ್ಲ. ಎರಡರಾಗ ಒಂದು ತುದಿ ಅಂದಾಜ್ ಮಾಡೀನಿ. ಮೋಟಾರ್ ಉಲ್ಟಾ ತಿರುಗಿದ್ರ ವಾಯರ್ ಬದಲಿಸಂಗಿಲ್ಲೇನು, ಹಂಗ. ಸೌಂಡ್ ಬರಲಿಲ್ಲಂದ್ರ ತಾ, ಚಣದಾಗ ಬದಲ್ ಮಾಡಿ ಕೊಡ್ತೇನಿ."

ಅವಳು ಹೇಳಿದ್ದು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನು ಧರ್ಮರಾಜನ ಚೀಲ ಎಷ್ಟು ಭಾರವಿದ್ದೀತೆಂದು ಕಣ್ಣಳತೆಯಲ್ಲೇ ತೂಗುತ್ತಿದ್ದ.

ಮನೆಯಲ್ಲಿ ಆಂಪ್ಲಿಫೈಯರಿಗೆ ಚುಚ್ಚಿ ಬಾರಿಸಿದರೆ ಗಿಟಾರು ನೆಗಡಿ ಹಿಡಿದವರಂತೆ ಮೂಗಿನಿಂದ ಹಾಡಿತು. ಗುಂಯ್ ಎನ್ನುವುದು ಮೊದಲಿಗಿಂತ ಜೋರಾಗಿತ್ತು. ಕಲ್ಲಿನಾಥನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೊಸದು ಧರ್ಮರಾಜನ ಚೀಲದಲ್ಲಿ ಹೋಯಿತು, ಒಳಗೆ ಕೂತದ್ದು ಯಾವುದೋ ಡುಪ್ಲಿಕೇಟು. ರಾತ್ರಿಯಿಡೀ ಹೊರಳಾಡಿದ. ನೋವಾಗಿದ್ದು ಪಿಕಪ್ಪು ಹೋಯಿತೆಂದಲ್ಲ. ಗಂಗಾಬಾಯಿಯೂ ಹೀಗೇ ಎಂದಾದರೆ ಇನ್ನು ಯಾರ ಕಟ್ಟೆಯ ಮೇಲೆ ಕೂರುವುದು?

ಶನಿವಾರ ಬೆಳಿಗ್ಗೆ ಗಿಟಾರನ್ನೂ ಆಂಪ್ಲಿಫೈಯರನ್ನೂ ಹೊತ್ತು ಅಂಗಡಿಗೆ ಬಂದ. ಅಲ್ಲಿ ನಾಲ್ಕೈದು ರೈತರು ತಮ್ಮ ಮೋಟಾರಿಗಾಗಿ ಕಾಯುತ್ತಿದ್ದರು. ಹಿರೋಳ್ಳಿಯ ಮುದುಕ ಅಮೋಘಸಿದ್ದ, ಹನ್ನೆರಡು ವರ್ಷದಿಂದ ಅವಳ ಗಿರಾಕಿ, ತನ್ನ ತಾಮ್ರದ ಗಂಟನ್ನು ಕಾಲಬಳಿ ಇಟ್ಟುಕೊಂಡು ಬೀಡಿ ಸೇದುತ್ತಿದ್ದ.

"ಅಕ್ಕಾ, ಒಳಗಿನ ಮಾಲ್ ಬದಲಾಗ್ಯದ," ಎಂದ ಕಲ್ಲಿನಾಥ, ಎಲ್ಲರಿಗೂ ಕೇಳುವಂತೆ.

"ಏನಂದಿ?"

"ನಾ ಹಾಕಾಕ ಕೊಟ್ಟಿದ್ದು ಹೊಸಾದು. ಇದು ಅದಲ್ಲ. ನಿನ್ನಿ ನಾ ಹೋದ ಮ್ಯಾಲ ಧರ್ಮರಾಜ ಚೀಲ ತುಂಬಿ ಒಯ್ದಾನ. ಕಣ್ಣಾರೆ ನೋಡೀನಿ."

ಗಂಗಾಬಾಯಿ ಸ್ಕ್ರೂ ಡ್ರೈವರು ಎತ್ತಿಕೊಂಡಳು. ಗಿಟಾರನ್ನು ಎಲ್ಲರ ಎದುರಿಗೆ ಬಿಚ್ಚಿ ಪಿಕಪ್ಪುಗಳನ್ನು ಮಗುಚಿದಳು. ಎರಡರ ಬೆನ್ನ ಮೇಲೂ ಕೆಂಪು ಚುಕ್ಕೆ ಇತ್ತು. ಇಲ್ಲಿಗೆ ಸುಮ್ಮನಾಗಿದ್ದರೆ ಕಲ್ಲಿನಾಥ ಬದುಕುತ್ತಿದ್ದ. ವಿನಾಶಕಾಲೇ ವಿಪರೀತ ಬುದ್ಧಿ.

"ಉಗುರುಬಣ್ಣ ಯಾವ ಅಂಗಡ್ಯಾಗ ಸಿಗಂಗಿಲ್ಲಕ್ಕಾ? ನೀನೂ ಹೆಣ್ಮಗಳೇ. ಒಂದು ಚುಕ್ಕಿ ಇಡೋದು ಎಷ್ಟೊತ್ತಿನ ಕೆಲಸ?"

ಗಂಗಾಬಾಯಿ ತನ್ನ ಕೈ ನೋಡಿಕೊಂಡಳು. ವಾರ್ನಿಷ್ ಮೆತ್ತಿ ಮೆತ್ತಿ ಕರ್ರಗಾದ, ಬುಡದ ತನಕ ಕತ್ತರಿಸಿದ ಉಗುರುಗಳು. ಆಗ ಅಮೋಘಸಿದ್ದ ಬೀಡಿ ಎಸೆದು, ಬಗ್ಗಿ, ಕಾಲಬಳಿಯ ಗಂಟನ್ನು ಮೆಲ್ಲಗೆ ಬಿಚ್ಚಿ ತನ್ನ ಹಳೆಯ ತಾಮ್ರವನ್ನು ಅಂಗೈಯಲ್ಲಿ ತೂಗಿ ನೋಡತೊಡಗಿದ. ಅದನ್ನು ನೋಡಿ ಪಕ್ಕದವನೂ ತನ್ನ ಗಂಟಿಗೆ ಕೈ ಹಾಕಿದ. ಗಂಗಾಬಾಯಿ ಅದನ್ನೂ ನೋಡಿದಳು.

"ಕಂಪನಿ ನಂಬರ್ ಅದ ನನ್ನ ಹತ್ರ, ತರ್ತೇನಿ ತಡಿ!" ಎಂದು ಕಲ್ಲಿನಾಥ ಮನೆಗೆ ಓಡಿದ. ಸೀರೆಗಳ ಕೆಳಗಿನ ಕಾಗದ ಎಳೆದುಕೊಂಡು ಅಷ್ಟೇ ರಭಸದಿಂದ ಬಂದು ಅವಳ ಮುಂದೆ ಹಿಡಿದ. "ನೋಡು, ತಾಳೆ ಹಾಕಿ ನೋಡು ನಂಬರ್."

ಅವಳು ನಂಬರು ನೋಡಲಿಲ್ಲ. ಚಿತ್ರ ನೋಡಿದಳು. ಕರಿ ವೈರಿನ ಮೇಲೆ ಬೆರಳಿಟ್ಟು ಅದು ಹೋಗುವ ದಾರಿ ಹಿಡಿದು ಕೊನೆಯ ತನಕ ಸಾಗಿದಳು. ಅದು ಸೀದಾ ಸೌಂಡು ಹೊರಗೆ ಹೋಗುವ ಕಡೆಗೇ ಮುಟ್ಟಿತ್ತು. ಕೆಂಪಿಗೆ ಕೂಡಿದ್ದದ್ದು ಬಿಳಿಯದು.

"ಇವರು ಕರೀದನ್ನ ಫೇಸ್ ಮಾಡ್ಯಾರ," ಎಂದಳು ತನ್ನಷ್ಟಕ್ಕೆ. ಆಮೇಲೆ ತಲೆ ಎತ್ತಿದಳು. "ಈ ಕಾಗದ ನಿನ್ನಿ ಎಲ್ಲಿತ್ತು?"

ಕಲ್ಲಿನಾಥ ಪಿಕಪ್ಪುಗಳ ಕಡೆ ಬಗ್ಗಿ ನೋಡಿದ. ಕಾಗದದ ನಂಬರೂ ಪಿಕಪ್ಪಿನ ಬೆನ್ನಿನ ನಂಬರೂ ಒಂದೇ ಎಂಬುದು ಈಗ ಅವನಿಗೂ ಕಾಣುತ್ತಿತ್ತು. ನಾಚಿಕೆಯಿಂದ ಕಾಗದವನ್ನು ಮೇಜಿನ ಮೇಲಿಟ್ಟ.

"ಅಕ್ಕಾ... ತಪ್ಪಾತು. ಜರಾ ಬದಲ್ ಮಾಡಿ ಕೊಡು."

"ನಾ ಮುಟ್ಟಂಗಿಲ್ಲ. ಮುಟ್ಟಿದ್ರ ಮತ್ತೊಂದು ಕಳವು ಆದೀತು. ನೀನೇ ಮಾಡು."

ಸೋಲ್ಡರ್ ಕಡ್ಡಿಯನ್ನು ಅವನ ಕಡೆ ಸರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ಅಲ್ಲಿಂದಲೇ ಹೇಳಿಕೊಟ್ಟಳು: ಕಡ್ಡಿಯನ್ನು ಮೊದಲು ವೈರಿಗೆ ತಾಗಿಸು, ಸೀಸ ಆಮೇಲೆ. ಗುಂಡಗೆ ಉಬ್ಬಿ ಕೂತರೆ ಬೆಸುಗೆ ಕಚ್ಚಿಲ್ಲ ಎಂದು ತಿಳಿ. ಕಲ್ಲಿನಾಥ ಬೆರಳು ಸುಟ್ಟುಕೊಂಡ, ಬೈಸಿಕೊಳ್ಳಲೂ ಇಲ್ಲ, ಹೊಗಳಿಸಿಕೊಳ್ಳಲೂ ಇಲ್ಲ. ಒಂದು ತಾಸು ಹಿಡಿಯಿತು. ಕಡೆಗೆ ಆಂಪ್ಲಿಫೈಯರಿಗೆ ಚುಚ್ಚಿ ಒಂದು ತಂತಿ ಮೀಟಿದ. ದನಿ ತುಂಬಿಕೊಂಡು ಬಂತು. ಮೀಟಿದ್ದು ನಿಂತ ಮೇಲೆ ಗುಂಯ್ ಎಂಬುದು ಲವಲೇಶವೂ ಇರಲಿಲ್ಲ. "ಭೇಷ್!" ಎಂದ ಒಬ್ಬ ರೈತ. ಗಂಗಾಬಾಯಿ ಆಗಲೇ ಬೇರೆ ಮೋಟಾರಿನ ಕಡೆ ತಿರುಗಿದ್ದಳು.

ಅಂದೋಲಾದ ಪ್ರೋಗ್ರಾಮು ಚೆನ್ನಾಗಿಯೇ ನಡೆಯಿತು. ಕಲ್ಯಾಣಕುಮಾರ ಬೆನ್ನು ತಟ್ಟಿದ. ಕಲ್ಲಿನಾಥನಿಗೆ ಅದು ರುಚಿಸಲಿಲ್ಲ. ಮರುವಾರ ಕಟ್ಟೆಯ ಮೇಲೆ ಹೋಗಿ ಕೂತ. ಗಂಗಾಬಾಯಿ ಚಹಾ ಕೊಟ್ಟಳು, ಮಾತಾಡಿಸಲಿಲ್ಲ. ಒಳಗೆ ಯಾರೋ ಗಿರಾಕಿ ಅವಳ ಮುಂದೆಯೇ ಗಂಟು ಬಿಚ್ಚಿ ತಾಮ್ರವನ್ನು ಎಳೆ ಎಣಿಸುವವನಂತೆ ನೋಡುತ್ತಿದ್ದ. ಕಲ್ಲಿನಾಥ ಅರ್ಧ ಕುಡಿದ ಚಹಾ ಕೆಳಗಿಟ್ಟ. ಇದನ್ನು ಸರಿಮಾಡಲೇಬೇಕೆಂದು ಎದ್ದ.

ಎರಡು ದಿನದ ನಂತರ ಅಮೋಘಸಿದ್ದ ತೊಗರಿ ಹಾಕಲು ಅಡತಿಗೆ ಬಂದ. ಕಲ್ಲಿನಾಥನನ್ನು ಕಂಡವನೇ ಭುಜ ತಟ್ಟಿದ.

"ನಿನ್ನಿಂದ ಚೊಲೋ ಆತು ನೋಡಪಾ. ಕಣ್ಣು ತೆರಸಿದಿ. ಈಗ ಊರಾಗ ಎಲ್ಲರೂ ತೂಕಾ ಮಾಡಿಸ್ಕೊಂಡೇ ಆಕಿಗಿ ಮೋಟಾರ್ ಕೊಡ್ತಾರ."

"ಹಂಗನಬ್ಯಾಡ ಕಾಕಾ," ಎಂದ ಕಲ್ಲಿನಾಥ ಅವನ ಕೈ ಹಿಡಿದು. "ಆಕಿ ಚೊಕ್ಕ ಮನಷ್ಯಾಳ. ತಪ್ಪು ನಂದು. ಕಾಗದ ನಾನೇ ಮುಚ್ಚಿಟ್ಟಿದ್ದೆ. ಇದನ್ನ ಊರಾಗ ಎಲ್ಲರಿಗೂ ಹೇಳು."

ಅಮೋಘಸಿದ್ದ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಆಮೇಲೆ ಅತ್ತಿತ್ತ ನೋಡಿ, ಬಗ್ಗಿ, ಕಿವಿಯ ಬಳಿ ದನಿ ತಗ್ಗಿಸಿ ಕೇಳಿದ:

"ಹಿಂಗ ಹೇಳಂತ ಆಕಿ ಎಷ್ಟ ಕೊಟ್ಟಾಳ?"

ಕಲ್ಲಿನಾಥ ಬಸವಣ್ಣನ ಆಣೆ ಮಾಡಿದ, ಮಕ್ಕಳ ಆಣೆ ಮಾಡಿದ. ಆಣೆ ಮಾಡಿದಷ್ಟೂ ಮುದುಕನ ಅನುಮಾನ ಗಟ್ಟಿಯಾಗುತ್ತ ಹೋಯಿತು.